ಪ್ರೈಮೇಟ್‌ಗಳ ಮಿದುಳನ್ನು ಹೋಲಿಸುವುದು ಹೇಗೆ? ಎಂಆರ್‌ಐ ಚಿತ್ರಗಳು ಹೇಳುವುದು, ಹೇಳದೆ ಬಿಡುವುದು

ವಯಸ್ಕ ಮನುಷ್ಯನ ಮಿದುಳಿನ ಗಾತ್ರ ಸರಾಸರಿ 1,350 ಘನ ಸೆಂಟಿಮೀಟರ್‌ನ ಆಸುಪಾಸಿನಲ್ಲಿರುತ್ತದೆ. ಚಿಂಪಾಂಜಿಯದು 400ಕ್ಕೆ ತುಸು ಕಡಿಮೆ, ರೀಸಸ್ ಕೋತಿಯದು 90ರ ಹತ್ತಿರ, ಅಂಗೈಯಲ್ಲಿ ಹಿಡಿಯಬಹುದಾದಷ್ಟು ಪುಟ್ಟ ಮಾರ್ಮೊಸೆಟ್ ಕೋತಿಯದು ಸುಮಾರು 8. ಈ ನಾಲ್ಕೂ ಪ್ರೈಮೇಟ್‌ಗಳು, ಅಂದರೆ ಮನುಷ್ಯ, ವಾನರ, ಕೋತಿಗಳನ್ನು ಒಳಗೊಂಡ ಸಸ್ತನಿಗಳ ಗುಂಪಿಗೆ ಸೇರಿದವು. ಇಂತಹ ಅಂಕಿಗಳನ್ನು ಪಡೆಯಲು ದುಬಾರಿ ಯಂತ್ರಗಳೇನೂ ಬೇಕಿಲ್ಲ. ತಲೆಬುರುಡೆಯ ಒಳಜಾಗಕ್ಕೆ ಕಾಳು ತುಂಬಿ ಅಳೆಯುವ ಪದ್ಧತಿ 19ನೆಯ ಶತಮಾನದಲ್ಲೇ ಇತ್ತು. ಆದರೆ ಒಟ್ಟು ಗಾತ್ರ ತಿಳಿದ ಮಾತ್ರಕ್ಕೆ ಮಿದುಳಿನ ಯಾವ ಭಾಗ ಎಷ್ಟು ಬೆಳೆಯಿತು, ಯಾವುದು ಹಾಗೆಯೇ ಉಳಿಯಿತು, ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವಿನ ನರತಂತುಗಳ ಸಂಪರ್ಕ ಹೇಗೆ ಬದಲಾಯಿತು ಎಂಬುದು ತಿಳಿಯುವುದಿಲ್ಲ. ಈ ಪ್ರಶ್ನೆಗಳಿಗೆ ಕಳೆದ ಮೂರು ದಶಕಗಳಿಂದ ಉತ್ತರ ಹುಡುಕುತ್ತಿರುವ ಪ್ರಮುಖ ಸಾಧನವೆಂದರೆ ಎಂಆರ್‌ಐ. ಚಿತ್ರ ತೆಗೆಯುವುದು ಈ ಕೆಲಸದ ಒಂದು ಭಾಗ ಮಾತ್ರ. ಎರಡು ಪ್ರಭೇದಗಳ ಮಿದುಳಿನಲ್ಲಿ ಒಂದಕ್ಕೊಂದು ಸರಿಹೊಂದುವ ಜಾಗ ಯಾವುದು ಎಂದು ತೀರ್ಮಾನಿಸುವುದೇ ನಿಜವಾದ ಕಷ್ಟ, ಮತ್ತು ಈ ಕ್ಷೇತ್ರದ ಬಹುತೇಕ ವಿವಾದಗಳು ಹುಟ್ಟುವುದು ಅಲ್ಲಿಂದಲೇ.

ಹೋಲಿಕೆಯ ಆಸಕ್ತಿ ಹೊಸದಲ್ಲ. 1857ರಲ್ಲಿ ಬ್ರಿಟನ್ನಿನ ಅಂಗರಚನಾ ತಜ್ಞ ರಿಚರ್ಡ್ ಓವನ್, ‘ಹಿಪೊಕ್ಯಾಂಪಸ್ ಮೈನರ್’ ಎಂಬ ಒಳಗಿನ ಸಣ್ಣ ಉಬ್ಬು ಮನುಷ್ಯನ ಮಿದುಳಿನಲ್ಲಿ ಮಾತ್ರ ಇದೆ, ಆದ್ದರಿಂದ ಮನುಷ್ಯನನ್ನು ಬೇರೆಯೇ ಉಪವರ್ಗದಲ್ಲಿ ಇರಿಸಬೇಕು ಎಂದು ವಾದಿಸಿದರು. ಥಾಮಸ್ ಹೆನ್ರಿ ಹಕ್ಸ್‌ಲಿ ಅದನ್ನು ಅಲ್ಲಗಳೆದು, ಅದೇ ರಚನೆ ವಾನರರಲ್ಲೂ, ಅಂದರೆ ಚಿಂಪಾಂಜಿ, ಗೊರಿಲ್ಲಾಗಳಂತಹ ಬಾಲವಿಲ್ಲದ ಪ್ರೈಮೇಟ್‌ಗಳಲ್ಲೂ, ಇರುವುದನ್ನು 1860ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಓವನ್ ಆಧರಿಸಿದ್ದ ಚಿಂಪಾಂಜಿ ಮಿದುಳಿನ ಚಿತ್ರವು, ಬುರುಡೆಯಿಂದ ಹೊರತೆಗೆದ ಮೇಲೆ ಆಕಾರ ಕೆಟ್ಟಿದ್ದ ಒಂದು ಮಿದುಳನ್ನು ನೋಡಿ ಡಚ್ ತಜ್ಞರು ಬರೆದದ್ದಾಗಿತ್ತು. ಮಾದರಿಯ ಸ್ಥಿತಿಯಿಂದ ಬಂದ ದೋಷವನ್ನು ಪ್ರಭೇದದ ಗುಣವೆಂದು ಓದುವ ಅಪಾಯ ಅಂದಿನಂತೆ ಇಂದಿಗೂ ಉಳಿದಿದೆ.

20ನೆಯ ಶತಮಾನದಲ್ಲಿ ಸೂಕ್ಷ್ಮದರ್ಶಕ ಈ ಕೆಲಸದ ಮುಖ್ಯ ಸಾಧನವಾಯಿತು. 1909ರಲ್ಲಿ ಕೋರ್ಬಿನಿಯನ್ ಬ್ರೋಡ್‌ಮನ್ ನರಕೋಶಗಳ ಪದರಗಳು ಎಲ್ಲಿ ಹೇಗೆ ಜೋಡಣೆಯಾಗಿವೆ ಎಂಬುದನ್ನು ನೋಡಿ ಕಾರ್ಟೆಕ್ಸ್ ಅನ್ನು, ಅಂದರೆ ಮಿದುಳಿನ ಹೊರಪದರವನ್ನು, ಸಂಖ್ಯೆಗಳಿಂದ ಗುರುತಿಸಿದ ಪ್ರದೇಶಗಳಾಗಿ ವಿಂಗಡಿಸಿದರು. ಮನುಷ್ಯನದಷ್ಟೇ ಅಲ್ಲದೆ ಹಲವು ಸಸ್ತನಿಗಳ ನಕ್ಷೆಗಳನ್ನೂ ರಚಿಸಿದರು. 1981ರಲ್ಲಿ ಹೈಂಜ್ ಸ್ಟೆಫಾನ್ ಮತ್ತು ಸಂಗಡಿಗರು ಕೀಟಾಹಾರಿಗಳು ಹಾಗೂ ಪ್ರೈಮೇಟ್‌ಗಳು ಸೇರಿ 76 ಪ್ರಭೇದಗಳ ಮಿದುಳಿನ ಭಾಗಗಳ ಗಾತ್ರವನ್ನು ಪ್ರಕಟಿಸಿದರು. ತೆಳುವಾಗಿ ಸೀಳಿದ ಹೋಳುಗಳನ್ನು ಒಂದೊಂದಾಗಿ ಅಳೆದು ಪಡೆದ ಆ ಅಂಕಿಗಳನ್ನು ಸಂಶೋಧಕರು ಇಂದಿಗೂ ಬಳಸುತ್ತಾರೆ. ಆದರೆ ಒಮ್ಮೆ ಅಡ್ಡಲಾಗಿ ಕೊಯ್ದ ಮಿದುಳನ್ನು ಮತ್ತೆ ಉದ್ದಕ್ಕೆ ಕೊಯ್ಯಲಾಗದು. ಒಂದು ಮಿದುಳಿಗೇ ತಿಂಗಳುಗಟ್ಟಲೆ ಶ್ರಮ ಬೇಕಾಗುವುದರಿಂದ ಅನೇಕ ಪ್ರಭೇದಗಳಿಗೆ ಒಂದೆರಡು ಮಾದರಿಗಳಷ್ಟೇ ಆಧಾರವಾಗಿದ್ದವು.

ಎಂಆರ್‌ಐ ಈ ಪರಿಸ್ಥಿತಿಯನ್ನು ಬದಲಿಸಿತು. ಅಂಗಾಂಶದ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳ ನ್ಯೂಕ್ಲಿಯಸ್‌ಗಳು ಬಲವಾದ ಕಾಂತಕ್ಷೇತ್ರದಲ್ಲಿ ಒಂದು ದಿಕ್ಕಿಗೆ ವಾಲುತ್ತವೆ. ರೇಡಿಯೊ ತರಂಗದಿಂದ ಅವುಗಳನ್ನು ಕದಲಿಸಿದಾಗ, ಮತ್ತೆ ಮೊದಲಿನ ಸ್ಥಿತಿಗೆ ಮರಳುತ್ತಾ ಸಣ್ಣ ಸಂಕೇತವೊಂದನ್ನು ಹೊಮ್ಮಿಸುತ್ತವೆ. ಹೀಗೆ ಮರಳಲು ಹಿಡಿಯುವ ಸಮಯವು ಸುತ್ತಲಿನ ಅಂಗಾಂಶವನ್ನು ಅವಲಂಬಿಸಿರುತ್ತದೆ. ನರಕೋಶಗಳ ಒಡಲು ಹೆಚ್ಚಾಗಿರುವ ಬೂದು ದ್ರವ್ಯದಲ್ಲಿ ಅದು ಒಂದು ಬಗೆ. ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಳ್ಳ ನರತಂತುಗಳಿಂದ ತುಂಬಿದ ಬಿಳಿ ದ್ರವ್ಯದಲ್ಲಿ ಇನ್ನೊಂದು ಬಗೆ. ಈ ವ್ಯತ್ಯಾಸವೇ ಚಿತ್ರವಾಗುತ್ತದೆ. 1973ರಲ್ಲಿ ಪಾಲ್ ಲಾಟರ್‌ಬರ್ ಈ ವಿಧಾನದ ಮೊದಲ ಚಿತ್ರಗಳನ್ನು ಪ್ರಕಟಿಸಿದರು. ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರ ನೊಬೆಲ್ ಪ್ರಶಸ್ತಿ ಸಂದಿತು. ಮಿದುಳನ್ನು ಕೊಯ್ಯದೆ, ಜೀವಂತ ಪ್ರಾಣಿಯಲ್ಲೇ, ಮೂರು ಆಯಾಮಗಳ ದತ್ತಾಂಶ ಸಿಗುತ್ತದೆ. ಅದನ್ನು ಕಂಪ್ಯೂಟರ್‌ನಲ್ಲಿ ಬೇಕಾದ ದಿಕ್ಕಿನಿಂದ ಎಷ್ಟು ಸಲವಾದರೂ ಸೀಳಿ ನೋಡಬಹುದು, ಬೇರೆ ದೇಶದ ಸಂಶೋಧಕರು ಹತ್ತು ವರ್ಷಗಳ ನಂತರ ಹೊಸ ಪ್ರಶ್ನೆಯೊಂದಿಗೆ ಅದನ್ನೇ ಮತ್ತೆ ತೆರೆಯಬಹುದು. 1999ರಲ್ಲಿ ಜೇಮ್ಸ್ ರಿಲ್ಲಿಂಗ್ ಮತ್ತು ಥಾಮಸ್ ಇನ್ಸೆಲ್ 11 ಪ್ರೈಮೇಟ್ ಪ್ರಭೇದಗಳ ಕಾರ್ಟೆಕ್ಸ್ ಅನ್ನು ಎಂಆರ್‌ಐ ಮೂಲಕ ಹೋಲಿಸಿದ್ದು ಈ ದಾರಿಯ ಆರಂಭಿಕ ಹೆಜ್ಜೆಗಳಲ್ಲಿ ಒಂದು.

ಆದರೆ ಮನುಷ್ಯನಿಗೆಂದು ರೂಪಿಸಿದ ಯಂತ್ರದಲ್ಲಿ ಕೋತಿಯನ್ನು ಮಲಗಿಸಿದರೆ ಹೋಲಿಸಬಹುದಾದ ಚಿತ್ರ ತಾನಾಗಿಯೇ ಬರುವುದಿಲ್ಲ. ಎಂಆರ್‌ಐ ಚಿತ್ರವು ವಾಕ್ಸೆಲ್ ಎಂಬ ಪುಟ್ಟ ಘನಗಳಿಂದ ಕೂಡಿರುತ್ತದೆ. ಮನುಷ್ಯನ ಮಿದುಳಿಗೆ ಸಾಮಾನ್ಯವಾಗಿ ಬಳಸುವ ಘನದ ಅಂಚು ಸುಮಾರು 1 ಮಿಲಿಮೀಟರ್. ಹದಿನೈದನೆಯ ಒಂದು ಭಾಗದಷ್ಟಿರುವ ರೀಸಸ್ ಕೋತಿಯ ಮಿದುಳಿಗೆ ಅದೇ ಅಳತೆಯನ್ನು ಬಳಸಿದರೆ ಕಾರ್ಟೆಕ್ಸ್‌ನ ಮಡಿಕೆಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಹಾಗಾಗಿ ಅಂಚನ್ನು ಅರ್ಧ ಮಿಲಿಮೀಟರ್‌ಗೆ ಇಳಿಸಬೇಕು. ಆಗ ಪ್ರತಿ ಘನದಲ್ಲಿರುವ ನೀರಿನ ಪ್ರಮಾಣ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಸಂಕೇತವೂ ಅಷ್ಟೇ ಕ್ಷೀಣಿಸುತ್ತದೆ. ಮತ್ತೆ ಮತ್ತೆ ಅಳೆದು ಸರಾಸರಿ ತೆಗೆದರೆ ಸ್ಪಷ್ಟತೆ ಹೆಚ್ಚುತ್ತದೆ, ಆದರೆ ಅದು ಹೆಚ್ಚುವುದು ಸಮಯದ ವರ್ಗಮೂಲದ ಲೆಕ್ಕದಲ್ಲಿ. ಎಂಟು ಪಟ್ಟು ನಷ್ಟವನ್ನು ಸಮಯದಿಂದಲೇ ತುಂಬಿಕೊಳ್ಳಲು ಹೊರಟರೆ 64 ಪಟ್ಟು ಹೆಚ್ಚು ಹೊತ್ತು ಬೇಕಾಗುತ್ತದೆ. ಅರಿವಳಿಕೆ ಕೊಟ್ಟು ಮಲಗಿಸಿದ ಪ್ರಾಣಿಯನ್ನು ಅಷ್ಟು ಹೊತ್ತು ಇಡಲು ಸಾಧ್ಯವಿಲ್ಲ, ಇಡಲೂಬಾರದು. ತಲೆಗೆ ಒತ್ತಿ ಕೂರುವ ಚಿಕ್ಕ ಗ್ರಾಹಕ ಸುರುಳಿಗಳೂ 7 ಟೆಸ್ಲಾ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ) ಅಥವಾ ಅದಕ್ಕೂ ಬಲವಾದ ಕಾಂತಗಳೂ ಬೇಕಾಗುವುದು ಈ ಕಾರಣಕ್ಕೆ.

ಸಹಜವಾಗಿ ಸತ್ತ ಪ್ರಾಣಿಯ ಮಿದುಳನ್ನು ಸ್ಕ್ಯಾನ್ ಮಾಡುವುದು ಇನ್ನೊಂದು ದಾರಿ, ಮತ್ತು ಅಪರೂಪದ ಪ್ರಭೇದಗಳಿಗೆ ಅನೇಕ ವೇಳೆ ಇರುವುದು ಇದೊಂದೇ ದಾರಿ. ಫಾರ್ಮಾಲಿನ್‌ನಲ್ಲಿ ಸಂರಕ್ಷಿಸಿದ ಮಿದುಳನ್ನು ಉಪ್ಪುದ್ರಾವಣದಲ್ಲಿ ದಿನಗಟ್ಟಲೆ ನೆನೆಸಿ ಫಾರ್ಮಾಲಿನ್ ಅಂಶ ತೆಗೆಯುತ್ತಾರೆ. ಬಳಿಕ ಹೈಡ್ರೋಜನ್ ಇಲ್ಲದ, ಆದ್ದರಿಂದ ಚಿತ್ರದಲ್ಲಿ ಕಪ್ಪಾಗಿಯೇ ಉಳಿಯುವ ಫ್ಲೋರಿನ್‌ಯುಕ್ತ ದ್ರವದಲ್ಲಿ ಅದನ್ನು ಮುಳುಗಿಸುತ್ತಾರೆ. ಮಡಿಕೆಗಳ ಸಂದಿನಲ್ಲಿ ಗಾಳಿಯ ಗುಳ್ಳೆಯೊಂದು ಸಿಕ್ಕಿಕೊಂಡರೂ ಅದರ ಸುತ್ತ ಕಾಂತಕ್ಷೇತ್ರ ಏರುಪೇರಾಗಿ ಚಿತ್ರದಲ್ಲಿ ಕಪ್ಪು ಕುಳಿ ಮೂಡುವುದರಿಂದ, ಗುಳ್ಳೆಗಳನ್ನೆಲ್ಲ ತಾಳ್ಮೆಯಿಂದ ಹೊರತೆಗೆಯಬೇಕಾಗುತ್ತದೆ. ಇಷ್ಟಾದ ಮೇಲೆ ಇಡೀ ರಾತ್ರಿ, ಕೆಲವೊಮ್ಮೆ ದಿನಗಟ್ಟಲೆ, ಅಲುಗಾಡದ ಮಿದುಳಿನ ಚಿತ್ರ ತೆಗೆಯಬಹುದು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಸಂರಕ್ಷಿಸಿದ ಅಂಗಾಂಶ ಕುಗ್ಗಿರುತ್ತದೆ, ಅದರೊಳಗಿನ ನೀರಿನ ಚಲನೆ ನಿಧಾನವಾಗಿರುತ್ತದೆ, ಬೂದು ಮತ್ತು ಬಿಳಿ ದ್ರವ್ಯಗಳ ನಡುವಿನ ಅಂತರ ಮಸುಕಾಗುತ್ತದೆ. ಜೀವಂತ ಮನುಷ್ಯರ ಚಿತ್ರಗಳ ಪಕ್ಕದಲ್ಲಿ ಸತ್ತ ಗೊರಿಲ್ಲಾದ ಮಿದುಳಿನ ಚಿತ್ರವನ್ನು ಇಟ್ಟಾಗ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಪ್ರಭೇದದ್ದು, ಎಷ್ಟು ಪಾಲು ಫಾರ್ಮಾಲಿನ್‌ನದು ಎಂದು ಬೇರ್ಪಡಿಸಲೇಬೇಕು. ಓವನ್ ಎಡವಿದ್ದು ಇಂಥ ಜಾಗದಲ್ಲೇ.

ಚಿತ್ರ ಕೈಗೆ ಬಂದ ಮೇಲೆ ಬುರುಡೆ, ಸ್ನಾಯು, ಕಣ್ಣುಗುಡ್ಡೆಗಳನ್ನು ಅಳಿಸಿ ಮಿದುಳನ್ನಷ್ಟೇ ಉಳಿಸಿಕೊಳ್ಳಬೇಕು. ಮನುಷ್ಯನ ತಲೆಗಾಗಿ ಬರೆದ ತಂತ್ರಾಂಶಗಳು ಇಲ್ಲಿ ಆಗಾಗ ತಪ್ಪುತ್ತವೆ, ಏಕೆಂದರೆ ಕೋತಿಯ ತಲೆಯಲ್ಲಿ ದವಡೆಯ ಸ್ನಾಯುಗಳು ದಪ್ಪ, ಮಿದುಳಿನ ಪಾಲು ಕಡಿಮೆ. ರೀಸಸ್ ಕೋತಿ, ಚಿಂಪಾಂಜಿ, ಮಾರ್ಮೊಸೆಟ್‌ಗಳಿಗೆ ಅವುಗಳದ್ದೇ ಆದ ಸರಾಸರಿ ಮಿದುಳಿನ ಮಾದರಿ ನಕ್ಷೆಗಳು ಸಿದ್ಧವಾದ ಮೇಲೆ ಈ ಹಂತ ಸುಲಭವಾಗುತ್ತಿದೆ.

ಇನ್ನು ಅಳತೆಯ ಮಾತು. ಎಂಟು ಗ್ರಾಂ ತೂಕದ ಮಿದುಳನ್ನೂ ಒಂದೂವರೆ ಕಿಲೋಗ್ರಾಂಗೆ ಸಮೀಪವಿರುವ ಮಿದುಳನ್ನೂ ನೇರವಾಗಿ ಶೇಕಡಾವಾರು ಲೆಕ್ಕದಲ್ಲಿ ಹೋಲಿಸುವುದು ದಾರಿ ತಪ್ಪಿಸಬಲ್ಲದು. ಮಿದುಳು ದೊಡ್ಡದಾದಂತೆ ಅದರ ಭಾಗಗಳೆಲ್ಲ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಬಿಳಿ ದ್ರವ್ಯವು ಬೂದು ದ್ರವ್ಯಕ್ಕಿಂತ ವೇಗವಾಗಿ ಹೆಚ್ಚುತ್ತದೆ. ಸಸ್ತನಿಗಳಲ್ಲಿ ಅದು ಬೂದು ದ್ರವ್ಯದ ಗಾತ್ರದ ಸುಮಾರು 1.2ನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ದೂರದೂರದ ಪ್ರದೇಶಗಳನ್ನು ಸಂಪರ್ಕಿಸಲು ಉದ್ದವಾದ ತಂತುಗಳು ಬೇಕಾಗುವುದರಿಂದ ಇದು ನಿರೀಕ್ಷಿತವೇ. ಆದ್ದರಿಂದ ಮನುಷ್ಯನಲ್ಲಿ ಬಿಳಿ ದ್ರವ್ಯದ ಪಾಲು ಮಾರ್ಮೊಸೆಟ್‌ಗಿಂತ ಹೆಚ್ಚು ಎಂಬುದು ತನ್ನಷ್ಟಕ್ಕೆ ಸಂಶೋಧನೆಯೇ ಅಲ್ಲ. ಎಲ್ಲ ಪ್ರೈಮೇಟ್‌ಗಳ ಅಂಕಿಗಳಿಂದ ಮೂಡುವ ರೇಖೆಯ ಪ್ರಕಾರ ಇರಬೇಕಾದಷ್ಟಕ್ಕಿಂತ ಮನುಷ್ಯನಲ್ಲಿ ಹೆಚ್ಚಿದೆಯೇ ಎಂಬುದು ಪ್ರಶ್ನೆ. ಆ ರೇಖೆಯನ್ನು ಎಳೆಯುವಾಗಲೂ ಎಚ್ಚರ ಬೇಕು. ಚಿಂಪಾಂಜಿ ಮತ್ತು ಬೊನೊಬೊಗಳ ಮಿದುಳು ಒಂದನ್ನೊಂದು ಹೋಲುವುದಕ್ಕೆ ಅವುಗಳ ಸಮೀಪದ ರಕ್ತಸಂಬಂಧವೇ ಸಾಕಾದ ಕಾರಣ. ಅವೆರಡನ್ನೂ ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷಿಗಳೆಂದು ಎಣಿಸಿದರೆ ಲೆಕ್ಕ ಕೆಡುತ್ತದೆ. ಪ್ರಭೇದಗಳ ವಂಶವೃಕ್ಷವನ್ನೇ ಲೆಕ್ಕದೊಳಗೆ ಸೇರಿಸುವ ಸಂಖ್ಯಾಶಾಸ್ತ್ರೀಯ ವಿಧಾನವನ್ನು 1985ರಲ್ಲಿ ಜೋಸೆಫ್ ಫೆಲ್ಸೆನ್‌ಸ್ಟೈನ್ ಮುಂದಿಟ್ಟರು. ಇಂದು ಅಂತಹ ವಿಧಾನಗಳಿಲ್ಲದ ಹೋಲಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಕಷ್ಟ.

ಇವೆಲ್ಲವೂ ಒಟ್ಟಾಗಿ ಎದುರಾಗುವ ಪ್ರಸಂಗವೆಂದರೆ ಮಿದುಳಿನ ಮುಂಭಾಗದ ಹಾಲೆಯ ಚರ್ಚೆ. ಯೋಜನೆ, ತೀರ್ಮಾನ, ಆತ್ಮನಿಯಂತ್ರಣಗಳೊಂದಿಗೆ ತಳಕು ಹಾಕಿಕೊಂಡಿರುವ ಈ ಭಾಗ ಮನುಷ್ಯನಲ್ಲಿ ಅಸಾಧಾರಣವಾಗಿ ದೊಡ್ಡದು ಎಂದು ಬಹುಕಾಲ ನಂಬಲಾಗಿತ್ತು. 2002ರಲ್ಲಿ ಕಟರೀನಾ ಸೆಮೆಂಡೆಫೆರಿ ಮತ್ತು ಸಂಗಡಿಗರು ಮನುಷ್ಯರ, ದೊಡ್ಡ ವಾನರರ, ಗಿಬ್ಬನ್‌ಗಳ ಮತ್ತು ಕೋತಿಗಳ ಎಂಆರ್‌ಐ ಚಿತ್ರಗಳನ್ನು ಅಳೆದು, ಕಾರ್ಟೆಕ್ಸ್‌ನಲ್ಲಿ ಮುಂಭಾಗದ ಪಾಲು ಮನುಷ್ಯನಲ್ಲೂ ದೊಡ್ಡ ವಾನರರಲ್ಲೂ ಹೆಚ್ಚು ಕಡಿಮೆ ಒಂದೇ ಎಂದು ವರದಿ ಮಾಡಿದರು. 2013ರಲ್ಲಿ ರಾಬರ್ಟ್ ಬಾರ್ಟನ್ ಮತ್ತು ಕ್ರಿಸ್ ವೆಂಡಿಟ್ಟಿ ವಂಶವೃಕ್ಷವನ್ನು ಲೆಕ್ಕಕ್ಕೆ ಸೇರಿಸಿಯೂ ಅದೇ ದಿಕ್ಕಿನ ತೀರ್ಮಾನಕ್ಕೆ ಬಂದರು. 2018ರಲ್ಲಿ ಚಾಡ್ ಡೊನಾಹ್ಯೂ, ಡೇವಿಡ್ ವ್ಯಾನ್ ಎಸ್ಸೆನ್ ಮತ್ತಿತರರು ಇದಕ್ಕೆ ಎದುರಾದ ಅಂಕಿಗಳನ್ನು ಮುಂದಿಟ್ಟರು: ಕಾರ್ಟೆಕ್ಸ್‌ನ ಬೂದು ದ್ರವ್ಯದಲ್ಲಿ ಪ್ರೀಫ್ರಂಟಲ್ ಪ್ರದೇಶದ ಪಾಲು ಮನುಷ್ಯನಲ್ಲಿ ಚಿಂಪಾಂಜಿಗಿಂತ 1.2 ಪಟ್ಟು, ಮಕಾಕ್ ಕೋತಿಗಿಂತ (ರೀಸಸ್ ಕೋತಿಯೂ ಸೇರಿರುವ ಗುಂಪು ಇದು) 1.9 ಪಟ್ಟಿನಷ್ಟು ಹೆಚ್ಚು. ಅದರ ಅಡಿಯ ಬಿಳಿ ದ್ರವ್ಯದಲ್ಲಿ ಈ ಅಂತರ ಇನ್ನೂ ದೊಡ್ಡದು, ಕ್ರಮವಾಗಿ 1.7 ಮತ್ತು 2.4 ಪಟ್ಟು.

ಈ ಎರಡು ಪಕ್ಷಗಳಲ್ಲಿ ಒಂದು ಸುಳ್ಳಾಗಲೇಬೇಕೆಂದೇನಿಲ್ಲ. ಮಧ್ಯದ ಆಳವಾದ ಸೀಳಿಗಿಂತ ಮುಂದಿರುವ ಎಲ್ಲವನ್ನೂ ಮುಂಭಾಗದ ಹಾಲೆ ಎಂದು ಪರಿಗಣಿಸಿದರೆ, ಕೈಕಾಲುಗಳ ಚಲನೆಯನ್ನು ನಿಯಂತ್ರಿಸುವ ಪ್ರದೇಶಗಳೂ ಅದರೊಳಗೆ ಬರುತ್ತವೆ. ಪ್ರೀಫ್ರಂಟಲ್ ಎಂದರೆ ಆ ಚಲನಾ ಪ್ರದೇಶಗಳನ್ನು ಬಿಟ್ಟು ಇನ್ನೂ ಮುಂದಿರುವ ಭಾಗ. ಚಲನಾ ಪ್ರದೇಶ ನಿಧಾನವಾಗಿ, ಅದರ ಮುಂದಿನದು ವೇಗವಾಗಿ ಬೆಳೆದಿದ್ದರೆ, ಇಡೀ ಹಾಲೆಯ ಪಾಲು ಬದಲಾಗದೆಯೇ ಒಳಗಿನ ಹಂಚಿಕೆ ಬದಲಾಗಿರಬಹುದು. ಪ್ರೀಫ್ರಂಟಲ್ ಭಾಗದ ಹಿಂದಿನ ಗಡಿಯನ್ನಾದರೋ ಸೀಳುಗಳು ಹೇಳುವುದಿಲ್ಲ. ಅದು ನರಕೋಶಗಳ ಪದರಗಳಲ್ಲಿ ಅಡಗಿದೆ, ಸಾಮಾನ್ಯ ಎಂಆರ್‌ಐ ಅದನ್ನು ನೇರವಾಗಿ ಕಾಣಲಾರದು. ಯಂತ್ರಕ್ಕಿಂತಲೂ ಗಡಿಯ ಆಯ್ಕೆಯೇ ಇಲ್ಲಿ ಫಲಿತಾಂಶವನ್ನು ಹೆಚ್ಚಾಗಿ ನಿರ್ಧರಿಸಿದೆ ಎಂಬುದು ನನ್ನ ಅಭಿಪ್ರಾಯ. ‘ಮುಂಭಾಗ ದೊಡ್ಡದು’ ಅಥವಾ ‘ದೊಡ್ಡದಲ್ಲ’ ಎಂಬ ಸುದ್ದಿಯನ್ನು ಓದುವವರು ಮೊದಲು ಕೇಳಬೇಕಾದದ್ದು ಗಡಿಯನ್ನು ಎಲ್ಲಿ ಎಳೆದರು ಎಂಬ ಪ್ರಶ್ನೆಯನ್ನು.

ಸೀಳುಗಳನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಮಿದುಳಿನ ಹಿಂಬದಿಯಲ್ಲಿ ಒಂದು ನಿದರ್ಶನವಿದೆ. ಚಿಂಪಾಂಜಿಯಲ್ಲಿ ಲ್ಯುನೇಟ್ ಎಂಬ ಅರ್ಧಚಂದ್ರಾಕಾರದ ಸೀಳು ಎದ್ದು ಕಾಣುತ್ತದೆ, ಮತ್ತು ಕಣ್ಣಿನಿಂದ ಬರುವ ಮಾಹಿತಿಯನ್ನು ಕಾರ್ಟೆಕ್ಸ್‌ನಲ್ಲಿ ಮೊದಲು ಸ್ವೀಕರಿಸುವ ಪ್ರಾಥಮಿಕ ದೃಷ್ಟಿ ಪ್ರದೇಶದ ಮುಂಗಡಿ ಅದರ ಸಮೀಪದಲ್ಲೇ ಇರುತ್ತದೆ. ಮನುಷ್ಯನಲ್ಲಿ ಸುತ್ತಲಿನ ಪ್ರದೇಶಗಳು ಹಿಗ್ಗಿದ್ದರಿಂದ ಆ ದೃಷ್ಟಿ ಪ್ರದೇಶ ಹಿಂದಕ್ಕೆ, ಒಳಬದಿಗೆ ಸರಿದಿದೆ. ಮನುಷ್ಯನ ಮಿದುಳಿನ ಹಿಂಭಾಗದಲ್ಲಿ ಅಂಥದೇ ಆಕಾರದ ಸೀಳು ಕೆಲವರಲ್ಲಿ ಕಂಡರೂ ಅದು ಅದೇ ಗಡಿಯನ್ನು ಸೂಚಿಸುವುದಿಲ್ಲ. 1925ರಲ್ಲಿ ರೇಮಂಡ್ ಡಾರ್ಟ್ ವಿವರಿಸಿದ ಟೌಂಗ್ ಮಗುವಿನ (ದಕ್ಷಿಣ ಆಫ್ರಿಕದಲ್ಲಿ ಸಿಕ್ಕ, ಮನುಷ್ಯನ ಪ್ರಾಚೀನ ಬಂಧುವೊಂದರ ಮರಿಯ) ಪಳೆಯುಳಿಕೆಯಲ್ಲಿ ಈ ಸೀಳು ಎಲ್ಲಿತ್ತು ಎಂಬ ಬಗ್ಗೆ ರಾಲ್ಫ್ ಹಾಲೊವೇ ಮತ್ತು ಡೀನ್ ಫಾಕ್ ದಶಕಗಳ ಕಾಲ ವಾದಿಸಿದ್ದಾರೆ. ಬುರುಡೆಯ ಒಳಮೈಯ ಅಚ್ಚು ಮಿದುಳಿನ ಹೊರರೂಪವನ್ನಷ್ಟೇ ಉಳಿಸಿಕೊಂಡಿರುವುದರಿಂದ ಅಂತಹ ವಾದಕ್ಕೆ ತೆರೆ ಬೀಳುವುದು ಸುಲಭವಲ್ಲ.

ಹಾಗಾದರೆ ಸರಿಹೊಂದುವ ಜಾಗವನ್ನು ಗುರುತಿಸುವುದು ಹೇಗೆ? ಒಂದು ದಾರಿಯನ್ನು 2011ರಲ್ಲಿ ಮ್ಯಾಥ್ಯೂ ಗ್ಲಾಸರ್ ಮತ್ತು ವ್ಯಾನ್ ಎಸ್ಸೆನ್ ತೋರಿಸಿದರು. ಎರಡು ಬಗೆಯ ಎಂಆರ್‌ಐ ಚಿತ್ರಗಳ ಅನುಪಾತ ತೆಗೆದಾಗ ಕಾರ್ಟೆಕ್ಸ್‌ನಲ್ಲಿ ಮಯಲಿನ್ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದರ ನಕ್ಷೆ ಮೂಡುತ್ತದೆ. ನೋಟ, ಶ್ರವಣ, ಸ್ಪರ್ಶ ಮತ್ತು ಚಲನೆಯ ಪ್ರಾಥಮಿಕ ಪ್ರದೇಶಗಳು ಮನುಷ್ಯ, ಚಿಂಪಾಂಜಿ, ಕೋತಿ ಮೂವರಲ್ಲೂ ಆ ನಕ್ಷೆಯಲ್ಲಿ ಪ್ರಕಾಶಮಾನವಾಗಿ ಕಾಣುತ್ತವೆ. ಈ ನಿಶ್ಚಿತ ನೆಲೆಗಳನ್ನು ಆಧಾರವಾಗಿ ಇಟ್ಟುಕೊಂಡು, ನಡುವಿನ ಮೇಲ್ಮೈಯನ್ನು ಗಣಿತದ ಮೂಲಕ ಹಿಗ್ಗಿಸಿ ಒಂದನ್ನು ಇನ್ನೊಂದಕ್ಕೆ ಹೊಂದಿಸುತ್ತಾರೆ. ಮನುಷ್ಯನ ಕಾರ್ಟೆಕ್ಸ್‌ನ ಮೇಲ್ಮೈ ಮಕಾಕ್ ಕೋತಿಯದಕ್ಕಿಂತ ಸರಿಸುಮಾರು ಹತ್ತು ಪಟ್ಟು ದೊಡ್ಡದು. ಆದರೆ ಪ್ರಾಥಮಿಕ ದೃಷ್ಟಿ ಪ್ರದೇಶ ಸುಮಾರು ಎರಡು ಪಟ್ಟು ಮಾತ್ರ ದೊಡ್ಡದಾಗಿದ್ದು, ಮುಂಭಾಗದ, ಕಿವಿಯ ಮೇಲ್ಬದಿಯ ಮತ್ತು ಪಾರ್ಶ್ವದ ಕೆಲವು ಪ್ರದೇಶಗಳು 20 ಪಟ್ಟಿಗೂ ಹೆಚ್ಚು ಹಿಗ್ಗಿವೆ ಎಂಬ ಅಂದಾಜು ಇಂತಹ ನಕ್ಷೆಗಳಿಂದ ಬಂದದ್ದು. ನೆಲೆಗಳ ನಡುವೆ ಇರುವುದೆಲ್ಲ ಅದೇ ಸಾಲಿನಲ್ಲಿ, ಅದೇ ಕ್ರಮದಲ್ಲಿ ಇದೆ ಎಂಬ ಊಹೆ ಈ ಲೆಕ್ಕದ ಒಳಗೇ ಇದೆ. ಹೊಸದಾಗಿ ಮೂಡಿದ ಪ್ರದೇಶವೊಂದು ಅಲ್ಲಿದ್ದರೆ, ಅದೂ ಹಳೆಯದರ ಹಿಗ್ಗುವಿಕೆಯಾಗಿಯೇ ಕಾಣುತ್ತದೆ.

ಈ ಕೊರತೆಯನ್ನು ನೀಗಿಸಲು ರೋಹಿಯರ್ ಮಾರ್ಸ್ ಮತ್ತು ಸಂಗಡಿಗರು 2018ರಲ್ಲಿ ಜಾಗದ ಬದಲು ಸಂಪರ್ಕವನ್ನೇ ಗುರುತಾಗಿ ಬಳಸಿದರು. ಮನುಷ್ಯನಲ್ಲೂ ಕೋತಿಯಲ್ಲೂ ಇವೆಯೆಂದು ಖಚಿತವಾಗಿ ತಿಳಿದಿರುವ ನರತಂತುಗಳ ದೊಡ್ಡ ಕಟ್ಟುಗಳನ್ನು ಆರಿಸಿಕೊಂಡು, ಕಾರ್ಟೆಕ್ಸ್‌ನ ಪ್ರತಿ ಬಿಂದುವೂ ಯಾವ ಕಟ್ಟಿನೊಂದಿಗೆ ಎಷ್ಟು ಸಂಪರ್ಕ ಹೊಂದಿದೆ ಎಂಬ ವಿವರವನ್ನು ಪಟ್ಟಿ ಮಾಡುತ್ತಾರೆ. ಕೋತಿಯ ಒಂದು ಬಿಂದುವಿನ ಪಟ್ಟಿಗೆ ತೀರ ಸಮೀಪವಾದ ಪಟ್ಟಿ ಮನುಷ್ಯನಲ್ಲಿ ಎಲ್ಲಿದೆಯೋ ಅದು ಸರಿಹೊಂದುವ ಜಾಗ. ಯಾವ ಪಟ್ಟಿಯೂ ಹೊಂದದೆ ಹೋದರೆ, ಅಲ್ಲಿ ಸಂಪರ್ಕದ ಸ್ವರೂಪವೇ ಬದಲಾಗಿದೆ ಎಂದು ತಿಳಿಯುತ್ತದೆ. ಹೊಂದಿಕೆಯಾಗದಿರುವುದನ್ನೂ ಹೇಳಬಲ್ಲ ವಿಧಾನವಾದ್ದರಿಂದ ನನಗೆ ಇದು ಹೆಚ್ಚು ಪ್ರಾಮಾಣಿಕವಾದ ಹೋಲಿಕೆ ಎನಿಸುತ್ತದೆ.

ಈ ಸಂಪರ್ಕಗಳನ್ನು ಕಾಣಿಸುವುದು ಡಿಫ್ಯೂಷನ್ ಎಂಆರ್‌ಐ. ಹುಲ್ಲಿನ ಹೊರೆಯ ಮೇಲೆ ಬಿದ್ದ ನೀರು ಕಡ್ಡಿಗಳ ಉದ್ದಕ್ಕೆ ಸಲೀಸಾಗಿ, ಅಡ್ಡಕ್ಕೆ ತಡೆತಡೆದು ಹರಿಯುವಂತೆ, ಬಿಳಿ ದ್ರವ್ಯದೊಳಗಿನ ನೀರಿನ ಅಣುಗಳೂ ತಂತುಗಳ ಉದ್ದಕ್ಕೆ ಹೆಚ್ಚು ಚಲಿಸುತ್ತವೆ. ಆ ದಿಕ್ಕನ್ನು ಪ್ರತಿ ವಾಕ್ಸೆಲ್‌ನಲ್ಲೂ ಅಳೆದು, ಒಂದರಿಂದ ಇನ್ನೊಂದಕ್ಕೆ ಕಂಪ್ಯೂಟರ್ ದಾರಿ ಹಿಡಿದು ಸಾಗಿದಾಗ ನರತಂತುಗಳ ಕಟ್ಟಿನ ಪಥ ಸಿಗುತ್ತದೆ. ಸಿಗುವುದು ಅಂದಾಜು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಒಂದೇ ವಾಕ್ಸೆಲ್‌ನಲ್ಲಿ ಲಕ್ಷಾಂತರ ತಂತುಗಳಿರುತ್ತವೆ. ಎರಡು ಕಟ್ಟುಗಳು ಒಂದನ್ನೊಂದು ಹಾಯುವಲ್ಲಿ ಅವು ದಾಟಿ ಹೋದವೋ, ತಾಗಿ ಬಾಗಿದವೋ ಹೇಳುವುದು ಕಷ್ಟ. ಕೋತಿಗಳ ಮಿದುಳಿಗೆ ಗುರುತುದ್ರವ್ಯ ಚುಚ್ಚಿ ಪತ್ತೆಹಚ್ಚಿದ ನಿಜವಾದ ಸಂಪರ್ಕಗಳ ಜೊತೆ ಹೋಲಿಸಿದ 2014ರ ಅಧ್ಯಯನವೊಂದು, ಈ ವಿಧಾನದಲ್ಲಿ ನೈಜ ಸಂಪರ್ಕಗಳನ್ನು ಹೆಚ್ಚು ಹಿಡಿಯಲು ಹೊರಟಷ್ಟೂ ಇಲ್ಲದ ಸಂಪರ್ಕಗಳೂ ಹೆಚ್ಚುತ್ತವೆ ಎಂದು ತೋರಿಸಿತು.

ಆರ್ಕ್ಯುಯೇಟ್ ಎಂಬ ಕಟ್ಟಿನ ಇತಿಹಾಸವನ್ನು ನೋಡಿದರೆ ಈ ವಿಧಾನದ ಶಕ್ತಿಯೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಮನುಷ್ಯನಲ್ಲಿ ಇದು ಮುಂಭಾಗದ ಭಾಷಾ ಪ್ರದೇಶಗಳಿಂದ ಹೊರಟು, ಬಿಲ್ಲಿನಂತೆ ಬಾಗಿ, ಕಿವಿಯ ಪಕ್ಕದ ಟೆಂಪೊರಲ್ ಹಾಲೆಗೆ ಇಳಿಯುತ್ತದೆ. 2008ರಲ್ಲಿ ರಿಲ್ಲಿಂಗ್ ಮತ್ತು ಸಂಗಡಿಗರು ಮನುಷ್ಯ, ಚಿಂಪಾಂಜಿ ಮತ್ತು ಮಕಾಕ್ ಕೋತಿಗಳಲ್ಲಿ ಇದನ್ನು ಹೋಲಿಸಿದಾಗ, ಮನುಷ್ಯನಲ್ಲಿ ಟೆಂಪೊರಲ್ ಹಾಲೆಯ ಮಧ್ಯದ ಮಡಿಕೆಗೆ ಹೋಗುವ ದೊಡ್ಡ ಕವಲು ಉಳಿದ ಎರಡರಲ್ಲಿ ತೀರ ಚಿಕ್ಕದಾಗಿತ್ತು ಅಥವಾ ಕಾಣಲೇ ಇಲ್ಲ. ಪದಗಳ ಅರ್ಥದೊಂದಿಗೆ ಸಂಬಂಧವಿರುವ ಜಾಗಕ್ಕೆ ಹೋಗುವ ದಾರಿ ಅದಾದ್ದರಿಂದ, ಭಾಷೆಯ ವಿಕಾಸದ ಬಗೆಗಿನ ಚರ್ಚೆಯಲ್ಲಿ ಆ ಫಲಿತಾಂಶಕ್ಕೆ ದೊಡ್ಡ ಸ್ಥಾನ ದೊರೆಯಿತು. ಆದರೆ ಅದು ಕೆಲವೇ ಪ್ರಾಣಿಗಳ ಚಿತ್ರಗಳನ್ನು ಆಧರಿಸಿತ್ತು, ಮತ್ತು ಚಿಕ್ಕ ಮಿದುಳಿನ ತೆಳುವಾದ ಕವಲು ದೊಡ್ಡ ವಾಕ್ಸೆಲ್‌ನಲ್ಲಿ ಮಾಯವಾಗುವ ಸಾಧ್ಯತೆ ಇದ್ದೇ ಇತ್ತು.

ಅದನ್ನು ಮತ್ತೆ ಪರೀಕ್ಷಿಸಲು ಹೆಚ್ಚು ಮಿದುಳುಗಳು ಬೇಕಿದ್ದವು. ಅಮೆರಿಕದಲ್ಲಿ ಚಿಂಪಾಂಜಿಗಳ ಮೇಲಿನ ಜೈವಿಕ ವೈದ್ಯಕೀಯ ಪ್ರಯೋಗಗಳಿಗೆ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಬೆಂಬಲ 2015ರಲ್ಲಿ ಕೊನೆಗೊಂಡಿತು. ಅದು ಸರಿಯಾದ ನಿರ್ಧಾರವೆಂದೇ ನಾನು ಭಾವಿಸುತ್ತೇನೆ. ಅಂದಿನಿಂದ ಹಿಂದೆ ತೆಗೆದ ಚಿತ್ರಗಳೂ ಸಹಜ ಸಾವಿನ ಬಳಿಕ ದೊರೆತ ಮಿದುಳುಗಳೂ ಇನ್ನಷ್ಟು ಅಮೂಲ್ಯವಾಗಿವೆ. 2018ರಲ್ಲಿ ಜಪಾನ್ ಮಂಕಿ ಸೆಂಟರ್ ತನ್ನಲ್ಲಿ ಸಂರಕ್ಷಿಸಿಟ್ಟ ಹಲವು ಪ್ರಭೇದಗಳ ಮಿದುಳಿನ ಚಿತ್ರಗಳ ಸಂಗ್ರಹವನ್ನು ಸಂಶೋಧಕರಿಗೆ ತೆರೆದಿಟ್ಟಿತು. ಅದೇ ವರ್ಷ ಕೋತಿಗಳ ಎಂಆರ್‌ಐ ದತ್ತಾಂಶವನ್ನು ಹಂಚಿಕೊಳ್ಳುವ ಪ್ರೈಮ್-ಡಿಇ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯೂ ಆರಂಭವಾಯಿತು. ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳ ಸಂಶೋಧಕರು ಐವರಿ ಕೋಸ್ಟ್‌ನ ‘ತಾಯಿ’ (Taï) ಎಂಬ ಹೆಸರಿನ ಕಾಡಿನಂಥ ನೆಲೆಗಳಲ್ಲಿ ಸಹಜವಾಗಿ ಸತ್ತ ಚಿಂಪಾಂಜಿಗಳ ಮಿದುಳನ್ನೂ, ಪ್ರಾಣಿಸಂಗ್ರಹಾಲಯ ಮತ್ತು ರಕ್ಷಣಾ ಕೇಂದ್ರಗಳಲ್ಲಿ ಸತ್ತವುಗಳ ಮಿದುಳನ್ನೂ ಸಂಗ್ರಹಿಸಿದರು. ಉಷ್ಣವಲಯದ ಶಾಖದಲ್ಲಿ ಅಂಗಾಂಶ ಗಂಟೆಗಳಲ್ಲೇ ಕೆಡತೊಡಗುವುದರಿಂದ, ಶವ ಸಿಕ್ಕ ಕೂಡಲೇ ರೋಗ ಸೋಂಕದಂತೆ ರಕ್ಷಾಕವಚ ಧರಿಸಿ ಸ್ಥಳದಲ್ಲೇ ಮಿದುಳನ್ನು ಹೊರತೆಗೆದು ಫಾರ್ಮಾಲಿನ್‌ನಲ್ಲಿ ಇಡಬೇಕಾಗುತ್ತದೆ.

ಈ ಮಿದುಳುಗಳ ಅತಿಸೂಕ್ಷ್ಮ ಡಿಫ್ಯೂಷನ್ ಚಿತ್ರಗಳನ್ನು ಆಧರಿಸಿ 2025ರಲ್ಲಿ ಪ್ರಕಟವಾದ ಅಧ್ಯಯನವು, ಆರ್ಕ್ಯುಯೇಟ್ ಕಟ್ಟು ಚಿಂಪಾಂಜಿಗಳಲ್ಲೂ ಟೆಂಪೊರಲ್ ಹಾಲೆಯ ಮಧ್ಯದ ಮಡಿಕೆಯನ್ನು ತಲುಪುತ್ತದೆ, ಆದರೆ ಮನುಷ್ಯನಲ್ಲಿ ಇರುವುದಕ್ಕಿಂತ ಬಹಳ ದುರ್ಬಲವಾಗಿ, ಎಂದು ವರದಿ ಮಾಡಿತು. ಆ ದಾರಿ ಮನುಷ್ಯನಲ್ಲಿ ಹೊಸದಾಗಿ ಹುಟ್ಟಿದ್ದಲ್ಲ, ಮೊದಲೇ ಇದ್ದದ್ದು ಬಲಗೊಂಡದ್ದು ಎಂದು ಇದರಿಂದ ಊಹಿಸಬಹುದು; ಹಾಗಿದ್ದರೆ ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಬದುಕಿದ್ದ ನಮ್ಮ ಮತ್ತು ಚಿಂಪಾಂಜಿಗಳ ಸಮಾನ ಪೂರ್ವಜರಲ್ಲೂ ಅದು ಇದ್ದಿರಬೇಕು. ಆ ಕವಲಿನ ಮೂಲಕ ಚಿಂಪಾಂಜಿಯಲ್ಲಿ ಯಾವ ಕೆಲಸ ನಡೆಯುತ್ತದೆ ಎಂಬುದನ್ನು ರಚನೆಯ ಚಿತ್ರವೊಂದೇ ತಿಳಿಸಲಾರದು. ಅದರ ಹುಟ್ಟು ಇನ್ನೂ ಹಿಂದಿನದೇ ಎಂದು ನಿರ್ಧರಿಸಬೇಕಾದರೆ ಗೊರಿಲ್ಲಾ ಮತ್ತು ಒರಾಂಗುಟಾನ್‌ಗಳ ಮಿದುಳನ್ನೂ ಅಷ್ಟೇ ಸೂಕ್ಷ್ಮವಾಗಿ, ಅದೇ ಬಗೆಯಲ್ಲಿ ಸಂರಕ್ಷಿಸಿ, ಅದೇ ಗಡಿಗಳನ್ನು ಬಳಸಿ ನೋಡಬೇಕಾಗುತ್ತದೆ.